ಮೊಜಾರ್ಟ್‌ನ ಖರ್ಚಿನ ಪುಸ್ತಕದಲ್ಲೊಂದು ಅಪಸ್ವರ

1784ರ ಮೇ 27ರಂದು ಮೊಜಾರ್ಟ್ ತನ್ನ ಖರ್ಚಿನ ಪುಸ್ತಕದಲ್ಲಿ ಒಂದು ಸಾಲು ಬರೆದ: ಸ್ಟಾರ್ಲಿಂಗ್ ಹಕ್ಕಿ, 34 ಕ್ರಾಯ್ಟ್ಸರ್. ಲೆಕ್ಕ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದರ ಜೊತೆಗೇ ಸ್ವರಲಿಪಿಯ ಒಂದು ತುಣುಕೂ ಇದೆ. ಹಕ್ಕಿ ಹಾಕಿದ ಸಿಳ್ಳೆಯನ್ನು ಆತ ಹಾಗೇ ಬರೆದುಕೊಂಡಿದ್ದಾನೆ. ಅದು ಅವನದೇ ಮಟ್ಟು, ಒಂದೂವರೆ ತಿಂಗಳ ಹಿಂದಷ್ಟೇ ಮುಗಿಸಿದ್ದ ಕೃತಿಯದು. ಹಕ್ಕಿ ಅದನ್ನು ತಪ್ಪಾಗಿ ಹಾಡಿದೆ. ತಪ್ಪನ್ನೂ ಬಿಡದೆ ಇಳಿಸಿಕೊಂಡು, ಕೆಳಗೆ ಒಂದು ಷರಾ ಹಾಕಿದ್ದಾನೆ: "ಚೆನ್ನಾಗಿತ್ತು!"

ಪ್ರಾಣಿಯೊಂದನ್ನು ನೋಡಿ ಕಲಾವಿದನಿಗೆ ಏನೋ ಹೊಳೆಯಿತು ಎಂಬ ಕತೆಗಳಿಗೆ ಕೊರತೆಯಿಲ್ಲ. ಹೆಚ್ಚಿನವು ಎಷ್ಟೋ ವರ್ಷದ ಮೇಲೆ, ಹೆಸರು ಬಂದ ಮೇಲೆ, ಯಾರೋ ಯಾರಿಗೋ ಹೇಳಿದವು. ಈ ಪ್ರಕರಣದಲ್ಲಿ ತಾರೀಖಿದೆ, ಬೆಲೆಯಿದೆ, ಹಕ್ಕಿ ಹಾಡಿದ್ದಿದೆ, ಕಲಾವಿದ ನಕ್ಕಿದ್ದೂ ಇದೆ. ಆ ಸಾಲು ನಮಗೆ ಉಳಿದು ಬಂದದ್ದು ಮುಖ್ಯವಾಗಿ ಅವನ ಹೆಂಡತಿ ಕಾನ್‌ಸ್ಟಾನ್ಸ್‌ಳ ಎರಡನೇ ಗಂಡ ನಿಸ್ಸೆನ್ ಬರೆದ ಜೀವನಚರಿತ್ರೆಯಿಂದ. ಅದು ಅಚ್ಚಾದದ್ದು 1828ರಲ್ಲಿ. ಆ ನಗು ಮುಂದೆ ಅವನ ಸಂಗೀತದೊಳಗೂ ಹೋಯಿತಾ? ಈ ಬರಹ ಹುಡುಕುವುದು ಅದನ್ನೇ.

ಆ ವಸಂತದಲ್ಲಿ

ಆಗ ಮೊಜಾರ್ಟ್‌ಗೆ 28 ವರ್ಷ. ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ಪರ ಚಾಕರಿ ಬಿಟ್ಟು ವಿಯೆನ್ನಾದಲ್ಲಿ ನೆಲೆಸಿ ಮೂರು ವರ್ಷವಾಗಿತ್ತು. ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಗ್ರಾಬೆನ್ ಎಂಬ ಪೇಟೆಬೀದಿಯಲ್ಲಿದ್ದ ಟ್ರಾಟ್ನರ್‌ಹೋಫ್ ಎಂಬ ದೊಡ್ಡ ಕಟ್ಟಡದಲ್ಲಿ ವಾಸ. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು ವಿಯೆನ್ನಾದ ಸಂಗೀತಗಾರರಿಗೆ ಸುಗ್ಗಿ. ಆ ವರ್ಷ ಆರು ವಾರಕ್ಕೂ ಕಡಿಮೆ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡೆ ನುಡಿಸುವುದಿದೆ ಎಂದು ಅಪ್ಪ ಲಿಯೊಪೋಲ್ಡ್‌ಗೆ ಪಟ್ಟಿ ಮಾಡಿ ಕಳಿಸಿದ್ದ. ಮಗ ದುಂದುಗಾರ ಎಂದು ಆ ಅಪ್ಪನಿಗೆ ಸದಾ ಚಿಂತೆ.

ಬಹುಶಃ ಅದಕ್ಕೇ ಇರಬೇಕು, 1784ರಲ್ಲಿ ಮೊಜಾರ್ಟ್ ಇದ್ದಕ್ಕಿದ್ದಂತೆ ಶಿಸ್ತಿನ ಮನುಷ್ಯನಾದ. ಫೆಬ್ರುವರಿಯಲ್ಲಿ ತನ್ನ ಕೃತಿಗಳನ್ನು ತಾರೀಖು ಹಾಕಿ ಪಟ್ಟಿ ಮಾಡುವ ಪುಸ್ತಕ ಶುರುವಾಯಿತು. ಅದನ್ನು ಸಾಯುವವರೆಗೂ ನಡೆಸಿದ. ಅದರ ಜೊತೆಗೇ ಖರ್ಚಿನ ಪುಸ್ತಕವೂ ಬಂತು. ಅದು ಒಂದು ವರ್ಷವೂ ನಡೆಯಲಿಲ್ಲ. ಉಳಿದ ಹಾಳೆಗಳನ್ನು ಇಂಗ್ಲಿಷ್ ಕಲಿಯುವುದಕ್ಕೆ ಬಳಸಿಕೊಂಡ. ಇದ್ದಷ್ಟು ದಿನವೂ ಅದರಲ್ಲಿ ಎಂಥೆಂಥ ಲೆಕ್ಕ ಇತ್ತು ನೋಡಿ: ಮೇ 1ರಂದು ಎರಡು ಕಾಡುಹೂವಿಗೆ 1 ಕ್ರಾಯ್ಟ್ಸರ್! ಹೂವಿನ ಆಮೇಲೆ ಹಕ್ಕಿ. ಅರುವತ್ತು ಕ್ರಾಯ್ಟ್ಸರ್ ಸೇರಿದರೆ ಒಂದು ಗುಲ್ಡನ್. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆತ ಹಿಡಿದ ಮನೆಗೆ ವರ್ಷದ ಬಾಡಿಗೆ 460 ಗುಲ್ಡನ್. ಅಂದರೆ ಹಕ್ಕಿ ಅಗ್ಗವಾಗಿಯೇ ಸಿಕ್ಕಿತ್ತು.

ಹಕ್ಕಿ ಸಿಳ್ಳೆ ಹಾಕಿದ್ದು ಜಿ ಮೇಜರ್ ಪಿಯಾನೊ ಕನ್ಸರ್ಟೊದ (ಪಿಯಾನೊ ಮುಂದಿದ್ದು, ವಾದ್ಯವೃಂದ ಜೊತೆಗೂಡುವ ಕೃತಿ) ಕೊನೆಯ ಭಾಗದ ಮಟ್ಟನ್ನು. ಈಗಿನ ಪಟ್ಟಿಗಳಲ್ಲಿ ಆ ಕೃತಿ 17ನೇ ಕನ್ಸರ್ಟೊ, ಕೆ. 453 (ಕೆ. ಎಂದರೆ ಮೊಜಾರ್ಟ್‌ನ ಕೃತಿಗಳಿಗೆ ಸಂಖ್ಯೆ ಹಾಕಿ ಪಟ್ಟಿ ಮಾಡಿದ ಕೋಷೆಲ್). ಮೊಜಾರ್ಟ್ ಅದನ್ನು ತನ್ನ ಪಟ್ಟಿಗೆ ಸೇರಿಸಿದ್ದು ಏಪ್ರಿಲ್ 12ರಂದು. ಬರೆದದ್ದು ತನ್ನ ಶಿಷ್ಯೆ ಬಾರ್ಬರಾ ಪ್ಲೋಯರ್‌ಗಾಗಿ.

ಆದ್ದರಿಂದ ಒಂದು ಜನಪ್ರಿಯ ಕತೆಯನ್ನು ಇಲ್ಲೇ ಬದಿಗಿಡೋಣ. "ಹಕ್ಕಿಯ ಹಾಡು ಕೇಳಿ ಮೊಜಾರ್ಟ್ ಕನ್ಸರ್ಟೊ ಬರೆದ" ಎಂದು ಎಷ್ಟೋ ಕಡೆ ಓದಲು ಸಿಗುತ್ತದೆ. ಏಪ್ರಿಲ್ 12 ಮೊದಲು ಬರುತ್ತದೆ, ಮೇ 27 ಆಮೇಲೆ. ಹಕ್ಕಿಯನ್ನು ಮುಂಚೆಯೇ ಕೇಳಿ ಆಮೇಲೆ ಕೊಂಡಿರಬಹುದಲ್ವಾ ಎನ್ನುವವರಿದ್ದಾರೆ. ಅದಕ್ಕೆ ಆಧಾರವಿಲ್ಲ. ಮೇಲಾಗಿ ಹಾಗೆ ಹೇಳಿದರೆ ತಮಾಷೆಯೇ ಹೋಗಿಬಿಡುತ್ತದೆ. ಹಕ್ಕಿ ಅವನಿಗೆ ಮಟ್ಟು ಕೊಡಲಿಲ್ಲ. ಅವನ ಮಟ್ಟನ್ನೇ ಸೊಟ್ಟ ಮಾಡಿ ಅವನಿಗೇ ವಾಪಸು ಕೊಟ್ಟಿತು.

ಷಡ್ಜವನ್ನೇ ಅಲುಗಾಡಿಸಿದ ಹಕ್ಕಿ

ಹಕ್ಕಿ ಮಾಡಿದ ತಪ್ಪು ಎರಡು. ಮೊದಲ ಪೂರ್ಣ ಆವರ್ತದ ಕೊನೆಗೆ ಒಂದು ಸ್ವರವನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಎಳೆಯಿತು. ಮುಂದಿನ ಆವರ್ತದಲ್ಲಿ ಜಿ ಇರಬೇಕಾದ ಕಡೆ ಜಿ ಶಾರ್ಪ್ ಹಾಡಿತು.

ಎಳೆದದ್ದನ್ನು ಬಿಡಿ, ಅದು ಹಾಡುವವರ ಹಕ್ಕು. ಎರಡನೆಯದರಲ್ಲಿ ಮಜಾ ಇದೆ. ಪಾಶ್ಚಾತ್ಯ ಸಂಗೀತದ ಪುಸ್ತಕಗಳು "ಒಂದು ಸ್ವರ ಅರ್ಧ ಮನೆ ಏರಿತು" ಎಂದು ಹೇಳಿ ಸುಮ್ಮನಾಗುತ್ತವೆ. ನಮ್ಮ ಕಡೆ ಎರಡು ವರ್ಷ ಸಂಗೀತ ಪಾಠಕ್ಕೆ ಹೋದ ಮಗುವಿಗೂ ಇದು ಎಂಥ ಅಪರಾಧ ಎಂದು ಗೊತ್ತು. ಜಿ ಮೇಜರ್ ಎಂದರೆ ಜಿ ಎಂಬುದೇ ಷಡ್ಜ. ರಿ, ಗ, ಮ, ದ, ನಿಗಳಿಗೆ ಮೇಲೆ ಕೆಳಗೆ ಹೋಗುವ ಸ್ವಾತಂತ್ರ್ಯವಿದೆ. ಸ ಮತ್ತು ಪ ಜಾಗ ಬಿಟ್ಟು ಕದಲುವಂತಿಲ್ಲ. ತಂಬೂರಿ ಮೀಟುವುದೇ ಅವೆರಡಕ್ಕಾಗಿ. ಈ ಹಕ್ಕಿ ನೇರವಾಗಿ ಆಧಾರ ಷಡ್ಜಕ್ಕೇ ಕೈಹಾಕಿತು. ಉಳಿದ ಯಾವ ಸ್ವರ ತಪ್ಪಿದ್ದರೂ ಇಷ್ಟು ನಗು ಬರುತ್ತಿರಲಿಲ್ಲ.

ಮೊಜಾರ್ಟ್‌ನ ಕಿವಿಗೆ ಇದು ಚುಚ್ಚದೇ ಇರಲು ಸಾಧ್ಯವೇ ಇಲ್ಲ. ಬೇರೆ ಯಾರಾದರೂ ಮನುಷ್ಯರು ಹೀಗೆ ಹಾಡಿದ್ದರೆ ಅವರಿಗೆ ಸಿಗುತ್ತಿದ್ದದ್ದು ಬೇರೆಯೇ. ಕೆಟ್ಟ ಸಂಗೀತಗಾರರ ಬಗ್ಗೆ ಅವನ ಕಾಗದಗಳಲ್ಲಿರುವ ಮಾತು ಮೊನಚು. ಹಕ್ಕಿಗೆ ಮಾತ್ರ "ಚೆನ್ನಾಗಿತ್ತು". ನಿಜವಾದ ಮೆಚ್ಚುಗೆಯೋ ಗೇಲಿಯೋ ಎಂದು ಕೇಳುವವರುಂಟು. ಎರಡೂ ಇರಬಹುದು. ಸುಮ್ನೆ ಗೇಲಿ ಮಾಡುವವನು ದುಡ್ಡು ಕೊಟ್ಟು ಮನೆಗೆ ತರುವುದಿಲ್ಲ.

ಹಕ್ಕಿಯ ಬಾಯಿಗೆ ಅದು ಬಂದದ್ದು ಹೇಗೆ?

ಪತ್ತೇದಾರಿಕೆ ಶುರುವಾಗುವುದು ಇಲ್ಲಿ. ಮೇ 15ರಂದು ಮೊಜಾರ್ಟ್ ಅಪ್ಪನಿಗೆ ಒಂದು ಕಾಗದ ಬರೆದಿದ್ದ. ನಾಲ್ಕು ಹೊಸ ಕನ್ಸರ್ಟೊಗಳನ್ನು ಅಂಚೆ ಗಾಡಿಯಲ್ಲಿ ಕಳಿಸಿದ್ದೇನೆ, ದಯವಿಟ್ಟು ನಮ್ಮ ಮನೆಯಲ್ಲೇ ಕೂರಿಸಿ ನಕಲು ಮಾಡಿಸಿ ಎಂದು ಕೇಳಿಕೊಂಡಿದ್ದ. ನಕಲು ಬರೆಯುವವರನ್ನು ನಂಬುವಂತಿರಲಿಲ್ಲ. ಒಂದು ಪ್ರತಿ ಕೇಳಿದರೆ ಎರಡು ಮಾಡಿ, ಇನ್ನೊಂದನ್ನು ಮಾರಿಕೊಳ್ಳುತ್ತಿದ್ದರು. ಕೃತಿಸ್ವಾಮ್ಯ ಎಂಬುದಿಲ್ಲದ ಕಾಲ. ಹಾಳೆ ಕೈ ತಪ್ಪಿತೆಂದರೆ ಕೃತಿ ಹೋಯಿತು. ಜಿ ಮೇಜರ್ ಕನ್ಸರ್ಟೊ ತನ್ನ ಬಳಿ ಮತ್ತು ಪ್ಲೋಯರ್ ಬಳಿ ಬಿಟ್ಟರೆ ಇನ್ನಾರ ಬಳಿಯೂ ಇಲ್ಲ ಎಂದೂ ಬರೆದಿದ್ದ.

ಹನ್ನೆರಡು ದಿನ ಕಳೆಯುವಷ್ಟರಲ್ಲಿ ಅದು ಒಂದು ಹಕ್ಕಿಯ ಬಳಿಯೂ ಇತ್ತು!

ಪ್ಲೋಯರ್ ಆ ಕೃತಿಯನ್ನು ನುಡಿಸಿದ್ದು ಜೂನ್ 13ರಂದು, ವಿಯೆನ್ನಾದ ಅಂಚಿನ ಡೋಬ್ಲಿಂಗ್‌ನಲ್ಲಿ. ಇಟಲಿಯ ಸಂಗೀತಕಾರ ಪೈಸಿಯೆಲ್ಲೊನನ್ನು ಮೊಜಾರ್ಟ್ ಅಲ್ಲಿಗೆ ಕರೆದುಕೊಂಡು ಹೋಗುವವನಿದ್ದ. ಅಂದರೆ ಹಕ್ಕಿ ಮಾರಾಟವಾದದ್ದು ಅದಕ್ಕೂ ಎರಡು ವಾರ ಮುಂಚೆ. ಏಪ್ರಿಲ್ ಕೊನೆಯ ಒಂದು ಕಚೇರಿಯಲ್ಲಿ ಮೊಜಾರ್ಟ್ ತಾನೇ ಇದನ್ನು ನುಡಿಸಿರಬಹುದು ಎಂಬ ಊಹೆಯೂ ಇದೆ. ಹಾಗಿದ್ದರೂ, ಕಚೇರಿ ಕೇಳಿ ಬಂದ ಯಾರೋ ಹಕ್ಕಿಯ ಮುಂದೆ ನಿಂತು ಅದನ್ನೇ ಮತ್ತೆ ಮತ್ತೆ ಸಿಳ್ಳೆ ಹಾಕಬೇಕಾಗುತ್ತದೆ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಎಲ್ಲಕ್ಕಿಂತ ಸರಳವಾದ ಉತ್ತರ. ಕಲಿಸಿದವನು ಮೊಜಾರ್ಟ್‌ನೇ. ಆತ ಗುನುಗುವ, ಸಿಳ್ಳೆ ಹಾಕುವ ಅಭ್ಯಾಸದವನು. ಹಕ್ಕಿ ಅಂಗಡಿಗೆ ಮುಂಚೆಯೂ ಹೋಗಿರಬೇಕು. ತಲೆಯಲ್ಲಿ ಹೊಸ ಕೃತಿಯ ಮಟ್ಟು ಸುತ್ತುತ್ತಿತ್ತು, ಬಾಯಲ್ಲೂ ಬಂದಿರುತ್ತದೆ. ಆ ಮಟ್ಟು ಸಿಳ್ಳೆಗೆ ಹೇಳಿ ಮಾಡಿಸಿದಂತಿದೆ, ಹಗುರ, ಬೀದಿಯಲ್ಲಿ ನಡೆಯುತ್ತಾ ಹಾಡಿಕೊಳ್ಳುವಂಥದ್ದು. ಒಂದು ದಿನ ಮತ್ತೆ ಹೋದಾಗ ಹಕ್ಕಿ ಅದನ್ನೇ ಹಾಡಿತು. ಇದಕ್ಕೆ ಸಾಕ್ಷಿ ಇಲ್ಲ. ಖರ್ಚಿನ ಪುಸ್ತಕದಲ್ಲಿ ಅಂಗಡಿಯ ಮಾತೂ ಇಲ್ಲ. ಆದರೆ ಮುಂದಿನ ಭಾಗ ಓದಿದರೆ ಈ ಊಹೆ ಯಾಕೆ ಗಟ್ಟಿ ಎಂದು ಗೊತ್ತಾಗುತ್ತದೆ.

ಇಂಡಿಯಾನಾದ ಹಕ್ಕಿಗಳು

ಸ್ಟಾರ್ಲಿಂಗ್ ನಮ್ಮ ಗೊರವಂಕ, ಕಬ್ಬಕ್ಕಿಗಳ ಕುಲದ್ದೇ. ಕಪ್ಪು ಮೈ, ಬಿಸಿಲಿಗೆ ಹಸಿರು ನೇರಳೆ ಹೊಳಪು, ಮೇಲೆ ಬಿಳಿ ಚುಕ್ಕಿ. ಹಕ್ಕಿಗಳ ಧ್ವನಿಪೆಟ್ಟಿಗೆಗೆ ಎರಡು ಕವಲಿದ್ದು, ಎರಡನ್ನೂ ಬೇರೆ ಬೇರೆಯಾಗಿ ನುಡಿಸಬಲ್ಲವು. ಸ್ಟಾರ್ಲಿಂಗ್ ಇದನ್ನು ಅನುಕರಣೆಗೆ ಚೆನ್ನಾಗಿ ಬಳಸಿಕೊಳ್ಳುತ್ತದೆ. ಗೊರವಂಕ ಸಾಕಿದ ಮನೆಗಳ ಕತೆ ಕೇಳಿದವರಿಗೆ ಇದು ಹೊಸತಲ್ಲ. (ಈಗ ಗೊರವಂಕವನ್ನು ಪಂಜರದಲ್ಲಿಡುವುದು ನಮ್ಮಲ್ಲಿ ಕಾನೂನು ಪ್ರಕಾರ ತಪ್ಪು, ಆಸೆ ಪಡಬೇಡಿ.)

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಮೆರೆಡಿತ್ ವೆಸ್ಟ್ ಮತ್ತು ಆಂಡ್ರ್ಯೂ ಕಿಂಗ್ ಎಂಬ ವಿಜ್ಞಾನಿಗಳು ಸ್ಟಾರ್ಲಿಂಗ್‌ಗಳನ್ನು ಮನೆಗಳಲ್ಲಿ ಬೆಳೆಸಿ ಗಮನಿಸಿದರು. 1990ರಲ್ಲಿ ಅದನ್ನು ಮೊಜಾರ್ಟ್‌ನ ಹಕ್ಕಿಯ ಜೊತೆ ಸೇರಿಸಿ ಒಂದು ಲೇಖನ ಬರೆದರು. ಅವರು ಕಂಡದ್ದರಲ್ಲಿ ಮುಖ್ಯವಾದದ್ದು ಇದು. ಮನುಷ್ಯರ ದನಿ ಬರೀ ಕಿವಿಗೆ ಬೀಳುತ್ತಿದ್ದ ಹಕ್ಕಿಗಳು ಆ ದನಿಯನ್ನು ಅನುಕರಿಸಲಿಲ್ಲ. ಮನುಷ್ಯರ ಜೊತೆ ಒಡನಾಟವಿದ್ದ, ಹೆಗಲ ಮೇಲೆ ಕೂರುತ್ತಿದ್ದ ಹಕ್ಕಿಗಳು ಅನುಕರಿಸಿದವು. ಸ್ಟಾರ್ಲಿಂಗ್‌ಗೆ ಮಾತು ಕಲಿಯುವುದೆಂದರೆ ನಂಟು ಬೆಳೆಸುವುದು. ಅಂದಮೇಲೆ ವಿಯೆನ್ನಾದ ಹಕ್ಕಿಗೂ ಯಾರೋ ಎದುರು ನಿಂತು, ಮುಖ ಕೊಟ್ಟು, ಸಿಳ್ಳೆ ಹಾಕಿರಬೇಕು.

ಅವರ ಹಕ್ಕಿಗಳ ಚೇಷ್ಟೆಗಳು ಓದಲು ಬಲು ಸೊಗಸು. ಒಂದು ಹಕ್ಕಿ "ಬೇಸಿಕ್ ರಿಸರ್ಚ್" ಎಂದು ಹೇಳಿ, ಅದರ ಹಿಂದೆಯೇ "ನಿಜ, ಅದೇ ಸರಿ ಅನ್ಸುತ್ತೆ" ಎಂಬರ್ಥದ ಮಾತು ಸೇರಿಸುತ್ತಿತ್ತು. ಇನ್ನೊಂದಕ್ಕೆ ಕಾಲಿನ ಸೋಂಕಿಗೆ ಮದ್ದು ಹಚ್ಚಲು ಹಿಡಿದುಕೊಂಡರೆ, ಒದ್ದಾಡುತ್ತಾ "ನನ್ನದೊಂದು ಪ್ರಶ್ನೆ ಇದೆ!" ಎಂದು ಕಿರುಚಿತಂತೆ. ಮನುಷ್ಯರು ಒಂದು ಹಳೆಯ ಹಾಡಿನ ಸ್ವಾನೀ ನದಿಯ ಸಾಲನ್ನು ಮತ್ತೆ ಮತ್ತೆ ಹೇಳಿಕೊಟ್ಟರೂ ಹಕ್ಕಿಗಳು "ಸ್ವಾ" ಎಂಬಲ್ಲಿಗೆ ನಿಲ್ಲಿಸಿಬಿಡುತ್ತಿದ್ದವು. "ನೀ" ಬರಲೇ ಇಲ್ಲ. ಸಾಲಿನ ನಡುವೆ ಕಡಿಯುವುದು, ಶ್ರುತಿ ಬಿಟ್ಟು ಹಾಡುವುದು, ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಜೋಡಿಸುವುದು ಇವುಗಳ ಜಾಯಮಾನ.

ಇಂಥದ್ದೊಂದು ಹಕ್ಕಿ ಮೊಜಾರ್ಟ್‌ನ ಮನೆಯಲ್ಲಿ ಮೂರು ವರ್ಷ ಇತ್ತು. ಜಗತ್ತಿನ ಅತ್ಯುತ್ತಮ ಸಂಗೀತ ಪಕ್ಕದ ಕೋಣೆಯಲ್ಲೇ ಹುಟ್ಟುತ್ತಿತ್ತು, ಹಕ್ಕಿ ಅದನ್ನು ಚೂರು ಚೂರು ಮಾಡಿ ಹಾಡುತ್ತಿತ್ತು. ಹಕ್ಕಿಗಳ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು ಬಿಡಿ. 14 ವರ್ಷದವನಾಗಿದ್ದಾಗ, 1770ರಲ್ಲಿ, ನೇಪಲ್ಸ್‌ನಿಂದ ಅಕ್ಕನಿಗೆ ಬರೆದ ಕಾಗದದಲ್ಲಿ ಮನೆಯ ಕ್ಯಾನರಿ ಹಕ್ಕಿಯನ್ನು ದೊಡ್ಡ ಮನುಷ್ಯನಂತೆ ಗೌರವ ಕೊಟ್ಟು ವಿಚಾರಿಸಿದ್ದ: ಈಗಲೂ ಹಾಡುತ್ತಾರಾ, ಈಗಲೂ ಸಿಳ್ಳೆ ಹಾಕುತ್ತಾರಾ?

ಸಾವು, ಮೆರವಣಿಗೆ, ಪದ್ಯ

1787ರ ಮೇ 28ರಂದು ಸಾಲ್ಜ್‌ಬರ್ಗ್‌ನಲ್ಲಿ ಅಪ್ಪ ಲಿಯೊಪೋಲ್ಡ್ ತೀರಿಕೊಂಡ. ಜೂನ್ 4ರಂದು ಸ್ಟಾರ್ಲಿಂಗ್ ಸತ್ತಿತು. ಆಗ ಸಂಸಾರ ಲ್ಯಾಂಡ್‌ಸ್ಟ್ರಾಸ್ ಎಂಬ ಹೊರಬಡಾವಣೆಯ ತೋಟದ ಮನೆಯಲ್ಲಿತ್ತು. ಮೊಜಾರ್ಟ್ ಹಕ್ಕಿಗೆ ಸಾಂಗವಾಗಿ ಶವಸಂಸ್ಕಾರ ಮಾಡಿದನೆಂದು ಆಮೇಲಿನ ಜೀವನಚರಿತ್ರೆಗಳು ಹೇಳುತ್ತವೆ. ಹಾಡಲು ಬರುವವರೆಲ್ಲ ಮುಖಕ್ಕೆ ದಪ್ಪ ಮುಸುಕು ಹಾಕಿಕೊಂಡು ಮೆರವಣಿಗೆಯಲ್ಲಿ ನಡೆಯಬೇಕಾಯಿತಂತೆ. ಜೊತೆಗೆ ಒಂದು ಪದ್ಯ. ಪದ್ಯ ಉಳಿದಿದೆ, ತಾರೀಖು ಸಮೇತ.

ಅದರ ಸಾರಾಂಶ ಹೀಗೆ: ಇಲ್ಲಿ ಮಲಗಿದ್ದಾನೆ ಒಬ್ಬ ಮುದ್ದು ಪೆದ್ದ, ಸ್ಟಾರ್ಲಿಂಗ್ ಹಕ್ಕಿ. ಒಳ್ಳೆಯ ವಯಸ್ಸಿನಲ್ಲೇ ಸಾವಿನ ನೋವು ಕಂಡ. ನೆನೆದರೆ ಕರುಳು ಕಿತ್ತು ಬರುತ್ತದೆ. ಓದುಗನೇ, ನೀನೂ ಒಂದು ಹನಿ ಕಣ್ಣೀರು ಹಾಕು. ಕೆಟ್ಟವನಲ್ಲ, ಸ್ವಲ್ಪ ಗಲಾಟೆ, ಒಮ್ಮೊಮ್ಮೆ ತುಂಟ, ಆದರೆ ದಡ್ಡನಂತೂ ಅಲ್ಲ. ಈಗಾಗಲೇ ಮೇಲೆ ಹೋಗಿ, ಬಿಟ್ಟಿಯಾಗಿ ಮಾಡಿಕೊಟ್ಟ ಈ ಸ್ನೇಹದ ಕೆಲಸಕ್ಕೆ ನನ್ನನ್ನು ಹೊಗಳುತ್ತಿರುತ್ತಾನೆ ಅಂತ ಬೇಕಾದರೆ ಪಂಥ. ಯಾಕೆಂದರೆ ಅನಿರೀಕ್ಷಿತವಾಗಿ ಪ್ರಾಣ ಬಿಡುವಾಗ, ಇಷ್ಟು ಚೆಂದ ಪ್ರಾಸ ಹೊಂದಿಸುವ ಮನುಷ್ಯ ಒಬ್ಬನಿದ್ದಾನೆ ಎಂಬುದೇ ಅವನಿಗೆ ನೆನಪಾಗಲಿಲ್ಲ.

ಅಳು ತಂದು, ಕೊನೆಗೆ ತನ್ನದೇ ಪ್ರಾಸವನ್ನು ಹೊಗಳಿಕೊಂಡು ಮುಗಿಸುವ ಪದ್ಯ. ಅಪ್ಪ ಸತ್ತ ವಾರದಲ್ಲಿ ಹಕ್ಕಿಗೆ ಅತ್ತನಲ್ಲ ಎಂದು ಮೊಜಾರ್ಟ್‌ನನ್ನು ಕಲ್ಲುಹೃದಯದವನನ್ನಾಗಿ ಮಾಡಿದವರಿದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಅಪ್ಪನ ಸಾವಿನ ಸುದ್ದಿ ತಲುಪಿದಾಗ ಗೆಳೆಯ ಯಾಕ್ವಿನ್‌ಗೆ ಬರೆದ ಕಾಗದದಲ್ಲಿ ದುಃಖ ನೇರವಾಗಿಯೇ ಇದೆ. ಅಪ್ಪ ಮಗನ ನಡುವೆ ವರ್ಷಗಳಿಂದ ಮುನಿಸಿತ್ತು, ಆ ಸಾವು ತಮಾಷೆಗೆ ಎಟುಕುವಂಥದ್ದಲ್ಲ. ಹಕ್ಕಿಯ ಸಾವು ಎಟುಕಿತು. ಮುಸುಕು ಹಾಕಿ ಮೆರವಣಿಗೆ ಮಾಡಿದ ಆ ದಿನ ಯಾರಿಗಾಗಿ ಎಷ್ಟು ಅತ್ತ ಎಂದು ಲೆಕ್ಕ ಹಾಕುವುದು ನಮ್ಮ ಕೆಲಸವಲ್ಲ.

"ಸಂಗೀತದ ತಮಾಷೆ"ಯಲ್ಲಿ ಹಕ್ಕಿ ಇದೆಯೇ?

ಹತ್ತು ದಿನದ ಮೇಲೆ, ಜೂನ್ 14ರಂದು, ಮೊಜಾರ್ಟ್ ತನ್ನ ಪಟ್ಟಿಗೆ ಇನ್ನೊಂದು ಕೃತಿ ಸೇರಿಸಿದ. ಹೆಸರು "ಸಂಗೀತದ ತಮಾಷೆ", ಈಗಿನ ಸಂಖ್ಯೆ ಕೆ. 522. ತಂತಿವಾದ್ಯಗಳು ಮತ್ತು ಎರಡು ಹಾರ್ನ್‌ಗಳಿಗೆ (ಹಿತ್ತಾಳೆಯ ಊದುವ ವಾದ್ಯ) ಬರೆದದ್ದು. ಬೇಕೆಂದೇ ಕೆಟ್ಟದಾಗಿ ಬರೆದ ಕೃತಿ. ಸಾಲುಗಳು ಕುಂಟುತ್ತವೆ. ಏನೋ ದೊಡ್ಡದು ಬರುತ್ತದೆ ಎಂದು ಕಾಯಿಸಿ ಏನೂ ಬರುವುದಿಲ್ಲ. ಎರಡನೇ ಭಾಗದಲ್ಲಿ ಹಾರ್ನ್‌ಗಳು ಅಪಸ್ವರ ನುಡಿಸುತ್ತವೆ, ಅಲ್ಲಿ "ಮಧುರವಾಗಿ" ಎಂಬ ಸೂಚನೆ ಬೇರೆ! ಮೂರನೇ ಭಾಗದಲ್ಲಿ ಪಿಟೀಲಿನವನು ತನ್ನ ಚಮತ್ಕಾರ ತೋರಿಸಲು ಮೇಲೆ ಮೇಲೆ ಹತ್ತಿ, ದಾರಿ ತಪ್ಪಿ, ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಾನೆ. ಕೊನೆಯಲ್ಲಿ ಹಾರ್ನ್ ಒಂದು ಶ್ರುತಿಯಲ್ಲಿ, ಪಿಟೀಲುಗಳು ಎರಡು ಬೇರೆ ಶ್ರುತಿಯಲ್ಲಿ, ವಯೋಲಾ ಮತ್ತೊಂದರಲ್ಲಿ, ಮಂದ್ರದ ವಾದ್ಯ ಇನ್ನೊಂದರಲ್ಲಿ. ಐದು ಶ್ರುತಿ, ಒಂದೇ ಕ್ಷಣ!

ಬಹುಕಾಲ ಇದನ್ನು ಪೆದ್ದ ಸಂಗೀತಕಾರರ ಮೇಲಿನ ಗೇಲಿ ಎಂದೇ ಓದಿದರು. ವೆಸ್ಟ್ ಮತ್ತು ಕಿಂಗ್ ಇದನ್ನು ತಮ್ಮ ಹಕ್ಕಿಗಳ ಪಕ್ಕದಲ್ಲಿಟ್ಟು ನೋಡಿದರು. ಶ್ರುತಿ ತಪ್ಪುವುದು, ನಡುವೆ ಕಡಿಯುವುದು, ಸಂಬಂಧವಿಲ್ಲದ ತುಣುಕುಗಳನ್ನು ಜೋಡಿಸುವುದು, ಥಟ್ಟನೆ ನಿಲ್ಲಿಸುವುದು. ಇದು ಸ್ಟಾರ್ಲಿಂಗ್‌ನ ಸಹಿ ಇದ್ದಂತಿದೆ ಎಂದರು.

ಹಕ್ಕಿ ಸತ್ತ ಹತ್ತೇ ದಿನಕ್ಕೆ ಬರೆದ ಚರಮಗೀತೆ ಎಂದು ಇದನ್ನು ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಅದು ನಿಲ್ಲುವುದಿಲ್ಲ. ಮೊಜಾರ್ಟ್‌ನ ಹಸ್ತಪ್ರತಿಗಳ ಕಾಗದವನ್ನು, ಅದರೊಳಗಿನ ನೀರುಗುರುತುಗಳನ್ನು ಪರೀಕ್ಷಿಸಿದ ಇಂಗ್ಲಿಷ್ ವಿದ್ವಾಂಸ ಅಲನ್ ಟೈಸನ್, ಈ ಕೃತಿಯ ಬರವಣಿಗೆ 1787ರ ಜೂನ್‌ಗಿಂತ ಬಹಳ ಮುಂಚೆಯೇ ಶುರುವಾಗಿತ್ತೆಂದು ತೋರಿಸಿದ. ಅಂದರೆ ಆಗ ಹಕ್ಕಿ ಇನ್ನೂ ಬದುಕಿತ್ತು, ಅಪ್ಪನೂ ಇದ್ದ. ವಿಚಿತ್ರವೆಂದರೆ ಇದರಿಂದ ಹಕ್ಕಿಯ ಪಕ್ಷ ಸೋಲಲಿಲ್ಲ. ಸಾವಿಗೆ ಅತ್ತು ಬರೆದದ್ದಲ್ಲ, ಮನೆಯಲ್ಲಿ ಅಪಸ್ವರ ಕೇಳುತ್ತಿದ್ದ ವರ್ಷಗಳಲ್ಲೇ ಬೆಳೆದದ್ದು ಎಂದು ವಾದ ತಿರುಗಿತು.

ಇಷ್ಟಾದರೂ ಎದುರು ಪಕ್ಷಕ್ಕೂ ಬಲವಿದೆ. ತಮಾಷೆ ಕಲಿಯಲು ಮೊಜಾರ್ಟ್‌ಗೆ ಹಕ್ಕಿ ಬೇಕಿರಲಿಲ್ಲ, ಅದು ಮನೆತನದ ಚಾಳಿ. ಗಂಭೀರ ಮುಖದ ಲಿಯೊಪೋಲ್ಡ್‌ನೇ ಹಳ್ಳಿ ಮದುವೆಯ ಬಗ್ಗೆ ಬ್ಯಾಗ್‌ಪೈಪ್ ಸೇರಿಸಿ ಒಂದು ಕೃತಿ ಬರೆದಿದ್ದ. ಮಗ 1790ರಲ್ಲಿ, ಹೆಂಡತಿಯ ಪಾತ್ರ ಬೆಕ್ಕಿನಂತೆ "ಮಿಯಾಂವ್" ಎಂದಷ್ಟೇ ಹಾಡಬಲ್ಲ ಒಂದು ಯುಗಳಗೀತೆಗೆ ಕೈಹಾಕಿದ. ಇನ್ನೊಂದು ಮಾತು: ಕೆ. 522ರ ತಪ್ಪುಗಳಲ್ಲಿ ಹಲವು ಮನುಷ್ಯರ ತಪ್ಪುಗಳೇ. ಕಟ್ಟಲು ಹೊರಟು ಕುಸಿದು ಬೀಳುವ ಫ್ಯೂಗ್ (ಒಂದೇ ಮಟ್ಟನ್ನು ಹಲವು ದನಿಗಳು ಒಂದರ ಹಿಂದೆ ಒಂದು ಎತ್ತಿಕೊಳ್ಳುವ ಕಟ್ಟುನಿಟ್ಟಿನ ರಚನೆ) ಹಕ್ಕಿಯಿಂದ ಬರುವುದಿಲ್ಲ. ಪಾಠ ಅರ್ಧ ಕಲಿತವನಿಂದ ಬರುತ್ತದೆ.

ಹಾಗಾಗಿ ನನ್ನ ತೀರ್ಪು ಇಷ್ಟು. ಖರ್ಚಿನ ಪುಸ್ತಕ ಮತ್ತು ಪದ್ಯ ಗಟ್ಟಿ ಸಾಕ್ಷಿ. ಒಂದು ಹಕ್ಕಿ ಮೊಜಾರ್ಟ್‌ನನ್ನು ನಗಿಸಿತು, ಆ ನಗುವಿನಿಂದ ಒಂದು ಪದ್ಯವಾದರೂ ಹುಟ್ಟಿತು, ಇದರಲ್ಲಿ ಅನುಮಾನವಿಲ್ಲ. ಕೆ. 522ಕ್ಕೆ ಹಕ್ಕಿಯೇ ಕಾರಣ ಎನ್ನುವುದು ಅತಿಯಾಯಿತು. ಅಪಸ್ವರವನ್ನು ಬೈಯುವ ಬದಲು ಅಕ್ಕರೆಯಿಂದ ಕೇಳುವ ಕಿವಿ ಆ ಕೃತಿಯಲ್ಲಿದೆ, ಅಂಥ ಕಿವಿಗೆ ಮೂರು ವರ್ಷ ಮನೆಯಲ್ಲೇ ಸಾಧಕ ನಡೆದಿತ್ತು. ಅಷ್ಟರ ಮಟ್ಟಿಗೆ ಹಕ್ಕಿಗೆ ಪಾಲು ಕೊಡಬಹುದು.

ಕೃತಿ ಸುಮಾರು ಇಪ್ಪತ್ತು ನಿಮಿಷದ್ದು, ಸುಲಭವಾಗಿ ಸಿಗುತ್ತದೆ. ಅದರ ಕೊನೆಯ ಭಾಗದ ಮಟ್ಟನ್ನು ಬಿಬಿಸಿಯವರು ವರ್ಷಗಟ್ಟಲೆ ಕುದುರೆ ಸ್ಪರ್ಧೆಯ ಟಿವಿ ಪ್ರಸಾರಕ್ಕೆ ಬಳಸಿದ್ದರಿಂದ, ಬ್ರಿಟನ್ನಿನ ಎಷ್ಟೋ ಜನರಿಗೆ ಅದು ಕುದುರೆಗಳ ಸಂಗೀತ. ಕೇಳುವುದಾದರೆ ವಾದಕರು ನಗೆಯಾಡಿಸಲು ಒದ್ದಾಡದ ಧ್ವನಿಮುದ್ರಣ ಆರಿಸಿಕೊಳ್ಳಿ. ತಪ್ಪುಗಳನ್ನು ಎತ್ತಿ ತೋರಿಸಿದರೆ ಕೃತಿ ಕೆಡುತ್ತದೆ, ಪೂರ್ತಿ ಗಂಭೀರವಾಗಿ ನುಡಿಸಿದರೆ ನಗು ತಾನೇ ಬರುತ್ತದೆ. ಮೊದಲು ಕೆ. 453ರ ಕೊನೆಯ ಭಾಗ ಕೇಳಿ, ಆಮೇಲೆ ಇದನ್ನು. ಕೊನೆಯ ಆ ಐದು ಶ್ರುತಿ ಬರುವಾಗ ಮನೆಯಲ್ಲಿ ಯಾರಾದರೂ "ಸ್ಪೀಕರ್ ಹೋಯ್ತಾ?" ಎಂದು ಕೇಳುತ್ತಾರೆ, ಇಲ್ಲ ಎಂದು ಹೇಳಿ.